ಸೊಪ್ಪಿನ ಮೇಲೆ ಹೊರಿಸಿದ ತಪ್ಪು

ಗಿರಿಜಾ, ನಿನ್ನ ಮಾವನ ಕಾಲು ಹೋದದ್ದು ನೀನು ಕಟ್ಟಿದ ಸೊಪ್ಪಿನಿಂದಲ್ಲ. ಸೋಂಕು ಹತ್ತಿದ್ದು ಶಿಕಾರಿಪುರದ ನಮ್ಮ ಆಸ್ಪತ್ರೆಯಲ್ಲಿ. ಹತ್ತಿಸಿದವಳು ನಾನೇ ಇರಬೇಕು — ಇರಬೇಕು ಏನು, ನಾನೇ. ಆರು ವರ್ಷದಿಂದ ಇದು ನನಗೆ ಗೊತ್ತು.

ಗಾಯ ತೊಳೆಯಲು ಒಬ್ಬರಿಗೆ ಒಂದು ಸಲೈನ್ ಬಾಟಲಿ ಎಂಬುದು ನಿಯಮ. ಅರ್ಧ ಉಳಿದದ್ದನ್ನು ಚೆಲ್ಲಲು ನನಗೆ ಮನಸ್ಸು ಬರುತ್ತಿರಲಿಲ್ಲ. ಮುಚ್ಚಳ ಹಾಕಿಟ್ಟು ಪಕ್ಕದ ಮಂಚಕ್ಕೆ, ಮರುದಿನಕ್ಕೆ — ಹೀಗೇ ನಡೆಸುತ್ತಿದ್ದೆ. ಅದನ್ನೇ ಅಚ್ಚುಕಟ್ಟು ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು!

ನಿನ್ನ ಮಾವನೂ ಸೇರಿ ನಾಲ್ವರ ಗಾಯ ಯಾವ ಔಷಧಕ್ಕೂ ಬಗ್ಗದೆ ಕೀವು ತುಂಬಿದಾಗ ವಾರ್ಡಿನಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಗುಮಾನಿ. ಆಯಾಗೆ ರೋಗಿಗಳ ಕಡೆಯವರ ಮೇಲೆ, ಅವರಿಗೆ ಆಯಾಳ ಒರೆಸುವ ಬಟ್ಟೆಯ ಮೇಲೆ. ಡಾಕ್ಟರು ಸುಮ್ಮನೆ ನನ್ನತ್ತ ನೋಡಿದರೂ ನನ್ನನ್ನೇ ಶಂಕಿಸುತ್ತಿದ್ದಾರೆ ಅನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಾಟಲಿ ನೋಡಿಕೊಂಡೆ. ಪರೀಕ್ಷೆಗೆ ಮಾದರಿ ತೆಗೆಯುವವರು ಬರುತ್ತಾರೆಂದು ತಿಳಿದದ್ದೇ ಅದನ್ನು ಸಿಂಕಿಗೆ ಸುರಿದು ಹೊಸದನ್ನಿಟ್ಟೆ.

ಅದೇ ದಿನ ನಿನ್ನ ಗಂಡ ಕೇಳಿದ, "ಎಲ್ಲಿಂದ ಬಂತ್ರೀ ಸಿಸ್ಟರ್ ಇದು?" ನಿನ್ನ ಮೇಲೆ ಅಲ್ಲಿಯವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ನಿನ್ನ ಅತ್ತೆಯ ಮುಂದೆಯೇ ನಾನೆಂದೆ, "ಮನೇಲಿ ಏನೋ ಸೊಪ್ಪು ಕಟ್ಟಿದ್ರಲ್ಲ, ಅದ್ರಿಂದ್ಲೇ ಇರ್ಬೇಕು." ನೀನು ತಲೆ ತಗ್ಗಿಸಿದೆ. ನನಗೆ — ಹೇಳಲು ನಾಚಿಕೆಯಾಗುತ್ತದೆ — ಹಗುರವಾಯಿತು.

ಕಾಲು ತೆಗೆಸಿ ನೀವು ಸೊರಬದ ಕಡೆಗೆ ಮರಳಿದ ಮೇಲೆ ವರದಿ ಬಂತು. ರೋಗಾಣುಗಳ ವಂಶವಾಹಿ ಓದಿ ನೋಡಿದ್ದರು. ನಾಲ್ಕೂ ಗಾಯಗಳಲ್ಲಿದ್ದವು ಒಂದೇ ತಾಯಿಯ ಮಕ್ಕಳು. ಮೊದಲು ಸಿಕ್ಕಿದ್ದು ನಿನ್ನ ಮಾವನಿಗಿಂತ ಮುಂಚೆ ಸೇರಿದ್ದ ರೋಗಿಯಲ್ಲಿ; ಅಂದರೆ ನಿಮ್ಮ ಮನೆಯಿಂದ ಬಂದದ್ದಲ್ಲ, ವಾರ್ಡಿನೊಳಗೇ ಹರಡಿದ್ದು. ಹೇಗೆಂದು ಗೊತ್ತಾಗಲಿಲ್ಲ ಎಂದೂ ಬರೆದಿದ್ದರು. ಗೊತ್ತಾಗುವುದಾದರೂ ಹೇಗೆ?

"ಆ ಮನೆಯವರಿಗೆ ಫೋನ್ ಮಾಡಿ ತಿಳಿಸ್ರಿ" ಎಂದರು ಡಾಕ್ಟರು. ಮರುದಿನ ಕೇಳಿದಾಗ, "ಹೇಳಿದೆ ಸಾರ್" ಅಂದೆ. ನಾನು ಫೋನನ್ನೇ ಎತ್ತಿರಲಿಲ್ಲ.

ಹೋದ ತಿಂಗಳು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನೀನು "ಸಿಸ್ಟರ್!" ಎಂದು ಕೂಗಿದಾಗ, ಇವಳಿಗೆ ಎಲ್ಲ ತಿಳಿದಿದೆ, ಜನರ ನಡುವೆ ಹಿಡಿದು ಕೇಳುತ್ತಾಳೆ ಎಂದೇ ಎಣಿಸಿದೆ. ನೀನು ಹತ್ತಿರ ಬಂದು ನಕ್ಕೆ. ತೊಳೆದು ತೊಳೆದು ನಿನ್ನ ಕೈಯ ಚರ್ಮ ಸುಲಿದಿತ್ತು.

"ನೀವು ಹೇಳಿದ್ದು ಒಳ್ಳೇದಾತು ಸಿಸ್ಟರ್. ಇಲ್ದಿದ್ರೆ ಮಗಳ ಗಾಯಕ್ಕೂ ಸೊಪ್ಪು ಕಟ್ತಿದ್ದೆ. ಮಾವನ ತಟ್ಟೆ ಈಗ್ಲೂ ನಾ ಮುಟ್ಟಲ್ಲ, ಅತ್ತೇನೇ ಬಡಿಸ್ತಾರೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನೀನು ಉಪಕಾರ ನೆನೆದೆ, ಗಿರಿಜಾ. ನಾನು ಬಸ್ ಬಂತೆಂದು ಹತ್ತಿಬಿಟ್ಟೆ.

ನಿನ್ನೆ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ — ಬಾಟಲಿ, ಸಿಂಕು, ಮಾಡದ ಫೋನು. ವರದಿಯ ಪ್ರತಿ ಕೊಟ್ಟರು. ಕೆಲಸ ಉಳಿಯುತ್ತದೋ ಇಲ್ಲವೋ, ಗೊತ್ತಿಲ್ಲ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅಲ್ಲಿ ಮತ್ತೆ ನಾಲಿಗೆ ಹೊರಳೀತೆಂಬ ಭಯ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಅದಕ್ಕೇ ಅಲ್ಲಿ ನೋಡಿ ಓದಲೆಂದು ಮೊದಲು ಇಷ್ಟನ್ನು ಬರೆದುಕೊಂಡೆ. ಕ್ಷಮಿಸು ಎನ್ನಲು ಬರುತ್ತಿಲ್ಲ. ನಿನ್ನ ಅತ್ತೆ, ಮಾವ, ಗಂಡನ ಎದುರಿಗೆ ನಾನು ಹೇಳುವಾಗ ನೀನು ಒಳಗೆ ಹೋಗಬೇಡ. ಅಲ್ಲೇ ನಿಂತು ಕೇಳು.