ಇಪ್ಪತ್ತೊಂದು ಆಂಪಿಯರ್

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ಭಾನುವಾರ ಗಂಗಾವತಿಯಲ್ಲಿ ಮೋಡ ಕವಿದಿತ್ತು ಎಂದು ನಾನು ನಂಬಿದ್ದೆ. ಅತ್ತೆಯ ಪ್ರಕಾರ ಅಂದು ಕೆಂಡದಂಥ ಬಿಸಿಲು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದಳಂತೆ. ಶಾವಿಗೆ ಒಣಗಿಸಿದವಳ ನೆನಪು ನನ್ನದಕ್ಕಿಂತ ಗಟ್ಟಿ. ಆಕಾಶವನ್ನೇ ತಪ್ಪಾಗಿ ನೆನಪಿಟ್ಟವಳು ತನ್ನ ಬಾಯಿಂದ ಬಂದ, ಅಥವಾ ಬರದ, ಒಂದು ಸಣ್ಣ ಸದ್ದನ್ನು ಹೇಗೆ ನಂಬುವುದು?

ತಾಯಿಯ ತಮ್ಮ, ಅಂದರೆ ಈ ಅತ್ತೆಯ ಗಂಡ, ನನ್ನ ಮಾಮ, ಗಂಗಾವತಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕಾರಟಗಿ ಕಡೆಯ ಗದ್ದೆಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳು ಅಲ್ಲಿಗೆ ಬರುತ್ತವೆ. ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುತ್ತಾನೆ. ಆ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ತಾನು ಸುತ್ತಿದ ಮೋಟರಿಗೆ ಅವನು ತಾನಾಗಿ ಕರೆಂಟು ಕೊಡುವುದಿಲ್ಲ. ಬೇರೊಬ್ಬರು ಜೋಡಣೆ ನೋಡಿ ‘ಹೂಂ’ ಅನ್ನಬೇಕು. ಸುತ್ತಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲವಂತೆ. ಪಕ್ಕದ ವೆಲ್ಡಿಂಗಿನವನೋ, ಅತ್ತೆಯೋ, ಯಾರಾದರೂ ಸರಿ.

ಬೀಡಿ ಬಿಟ್ಟ ಮೇಲೆ ಮಾಮನ ಕೈಗೆ ಒಂದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಬಂದಿತ್ತು. ನಮ್ಮಲ್ಲಿ ಮಾರುವಂತಿಲ್ಲದ ವಸ್ತು. ಯಾರು ತಂದುಕೊಟ್ಟರೆಂದು ಇವತ್ತಿಗೂ ಹೇಳಿಲ್ಲ. ಹಿತ್ತಾಳೆಯ ಕೊಳವೆ, ಒಂದು ಗುಂಡಿ, ಒಳಗೆ ಬೆರಳುದ್ದದ ಲಿಥಿಯಂ ಸೆಲ್ಲು. ಗುಂಡಿ ಒತ್ತಿದರೆ ಕರೆಂಟು ನೇರ ಪುಟ್ಟ ಕಾಯಿಲಿಗೆ ಹೋಗಿ, ಅದು ಕಾದು, ಮಾವಿನ ವಾಸನೆಯ ಹೊಗೆ ಬರುತ್ತಿತ್ತು. ಕರೆಂಟು ಮಿತಿಮೀರಿದರೆ ತಡೆಯುವ ಸರ್ಕ್ಯೂಟು ಅದರಲ್ಲಿ ಇರಲಿಲ್ಲ. ಹೊಗೆ ಸಾಲದೆಂದು ಮಾಮ ದಪ್ಪ ತಂತಿಯಲ್ಲಿ ತಾನೇ ಹೊಸ ಕಾಯಿಲು ಸುತ್ತಿದ. ತಂತಿ ದಪ್ಪವಾದಷ್ಟೂ ರೆಸಿಸ್ಟೆನ್ಸ್ ಕಡಿಮೆ, ಅದು ಕಡಿಮೆಯಾದಷ್ಟೂ ಮೋಟರ್ ತಣ್ಣಗೆ ಎಂಬುದು ಅವನ ಅನುಭವ. ಮೋಟರಿನಲ್ಲಿ ಅದು ನಿಜವೂ ಹೌದು; ಇಲ್ಲಿ ಮಾತ್ರ ರೆಸಿಸ್ಟೆನ್ಸ್ ಇಳಿದಷ್ಟೂ ಸೆಲ್ಲಿನಿಂದ ಎಳೆಯುವ ಕರೆಂಟು ಏರುತ್ತದೆ. ಸೆಲ್ಲು ಸತ್ತಾಗ, ಗುಜರಿಗೆ ಬಿದ್ದಿದ್ದ, ಗದ್ದೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಒಂದು ಬ್ಯಾಟರಿ ಸ್ಪ್ರೇಯರ್‌ನಿಂದ ಬೇರೆ ಸೆಲ್ಲು ಕಿತ್ತು ಹಾಕಿದ. ಅದರ ಪ್ಲಾಸ್ಟಿಕ್ ಹೊದಿಕೆ ಹರಿದಿತ್ತು. ಮೋಟರಿಗೆ ಸುತ್ತುವ ಬಟ್ಟೆಪಟ್ಟಿಯನ್ನೇ ಅದಕ್ಕೂ ಸುತ್ತಿದ.

ನಾನು ಕುಷ್ಟಗಿಯಲ್ಲಿ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಆ ಭಾನುವಾರ ಅಮ್ಮ ಮಾಡಿದ ಶೇಂಗಾ ಹೋಳಿಗೆ ಕೊಡಲು ಹೋಗಿದ್ದೆ.

“ಬಾ ಅಕ್ಕೋರ,” ಅಂದ ಮಾಮ. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಅವನ ಬಾಯಲ್ಲಿ ಅದು ಕುಚೋದ್ಯ. “ಎಮ್ಮೆಸ್ಸಿ ಮಾಡೀದಿ. ಇದು ಎಷ್ಟು ಕರೆಂಟ್ ಎಳೀತೈತಿ ಹೇಳು ನೋಡೂಣು.”

ಕಾಯಿಲಿಗೆ ಮೀಟರ್ ಹಿಡಿದೆ. ಸೊನ್ನೆ ಪಾಯಿಂಟ್ ಎರಡು ಓಮ್. ಅಷ್ಟು ಸಣ್ಣ ಅಳತೆಗೆ ಆ ಮೀಟರನ್ನು ನಂಬಬಾರದು ಎಂಬುದು ಈಗ ಹೊಳೆಯುತ್ತಿದೆ. ತುಂಬಿದ ಸೆಲ್ಲು ನಾಲ್ಕು ಪಾಯಿಂಟ್ ಎರಡು ವೋಲ್ಟ್. ಇನ್ಸುಲೇಷನ್ ಕಾಗದದ ಚೂರಿನ ಮೇಲೆ ಭಾಗಿಸಿದೆ: ಇಪ್ಪತ್ತೊಂದು ಆಂಪಿಯರ್.

ಮಾಮ ಹೊಟ್ಟೆ ಹಿಡಿದು ನಕ್ಕ. “ಹದಿನೈದು ಎಚ್‌ಪಿ ಮೋಟರ್ ಎಳಿಯೂವಷ್ಟು! ನನ್ನ ಕಿಸೇದಾಗ ಹದಿನೈದು ಎಚ್‌ಪಿ!”

“ಆ ಸೆಲ್ಲು ಅಷ್ಟು ಕೊಡತೈತೇನ್ರಿ ಮಾಮಾ?”

“ದಿನಾಪೂರ್ತಿ ಎಣ್ಣಿ ಹೊಡಿಯೂ ಪಂಪಿಗೆ ತಾಳೇತಿ, ನನ್ನ ಎರಡು ದಮ್ಮಿಗೆ ತಾಳಂಗಿಲ್ಲೇನು?”

“ಬೀಡಿ ಇದ್ದಾಗ ಬರೇ ಮೀಸಿ ಸುಡ್ತಿತ್ತು,” ಅಂದಳು ಅತ್ತೆ ಒಳಗಿನಿಂದ. ಎಲ್ಲರೂ ನಕ್ಕೆವು.

ಸ್ಪ್ರೇಯರಿನಲ್ಲಿ ಹಲವು ಸೆಲ್ಲು ಸೇರಿ ಒಂದು ಸಣ್ಣ ಮೋಟರಿಗೆ ಕೆಲವೇ ಆಂಪಿಯರ್ ಕೊಡುತ್ತವೆ. ಅಂಥ ಒಂದೇ ಸೆಲ್ಲಿನಿಂದ ಇಪ್ಪತ್ತೊಂದು ಎಳೆದರೆ ಕಾಯಿಲಷ್ಟೇ ಅಲ್ಲ, ಸೆಲ್ಲೂ ಒಳಗಿಂದ ಕಾಯುತ್ತದೆ. ಇದು ನನಗೆ ಗೊತ್ತಿತ್ತು. ಹೇಳಿದೆನೇ? ಹೇಳಿದ ಹಾಗೆ ನೆನಪಿದೆ. ಆದರೆ ಆ ನೆನಪಿನಲ್ಲಿ ನಾನು ತರಗತಿಯಲ್ಲಿ ನಿಂತಂತೆ ನಿಂತು ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತಿದ್ದೇನೆ, ಮಾಮ ತಲೆಯಾಡಿಸುತ್ತಿದ್ದಾನೆ. ಮಾಮ ಯಾರ ಮಾತಿಗೂ ತಲೆಯಾಡಿಸಿದವನಲ್ಲ. ಇದು ಆಮೇಲೆ ನಾನು ಕಟ್ಟಿಕೊಂಡದ್ದಿರಬೇಕು. ದಿನಚರಿಯಲ್ಲಿ ಇರುವುದು ಇಷ್ಟೇ: ‘ಮಾಮನ ಅಂಗಡಿ. ಹೋಳಿಗೆ ಕೊಟ್ಟೆ. ಲೆಕ್ಕ ಮಾಡಿಕೊಟ್ಟೆ.’

ಇನ್ನೊಂದು ಚೂರು ಉಳಿದಿದೆ. ಸುತ್ತಿದ ಮೋಟರ್ ತೋರಿಸಿ ಕೇಳುವ ಹಾಗೆ ಅವನು ಕೊಳವೆಯನ್ನು ನನ್ನ ಮುಂದೆ ಹಿಡಿದು ಹುಬ್ಬು ಏರಿಸಿದ. ಆಗ ನನ್ನ ಬಾಯಲ್ಲಿ ಹೋಳಿಗೆ ಇತ್ತು.

ಮರುದಿನ ಬೆಳಿಗ್ಗೆ ಸೆಲ್ಲು ಸುಯ್ಯೆಂದು ಅವನ ಕೈಯಲ್ಲೇ ಬೆಂಕಿ ಉಗುಳಿತು. ಬಲಗೈಯ ಹೆಬ್ಬೆರಳು, ಅಂಗೈ ಸುಟ್ಟವು. ಕೊಪ್ಪಳದ ಆಸ್ಪತ್ರೆಯಲ್ಲಿ ಎಂಟು ದಿನವೋ ಹತ್ತು ದಿನವೋ ಇದ್ದ. ಯಲಬುರ್ಗಾದಿಂದ ನೋಡಲು ಬಂದ ನೆಂಟರಿಗೆಲ್ಲ “ಮೊಬೈಲ್ ಸಿಡೀತು” ಅಂದ. ನನ್ನ ಲೆಕ್ಕದ ಸುದ್ದಿ ಎತ್ತಲಿಲ್ಲ. ಅವನು ಮುಚ್ಚಿಟ್ಟದ್ದು ವೇಪನ್ನೋ ನನ್ನನ್ನೋ, ತಿಳಿಯಲಿಲ್ಲ. ಹೆಬ್ಬೆರಳು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ತಂತಿಯನ್ನು ಬಿಗಿಯಾಗಿ ಹಿಡಿಯುವುದು ಆ ಬೆರಳೇ.

ಕಳೆದ ವಾರ ಅಂಗಡಿಗೆ ಹೋದೆ. ತಂತಿಯನ್ನು ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಸುತ್ತುತ್ತಿದ್ದ. ಮೊದಲು ಒಂದು ದಿನಕ್ಕೆ ಮುಗಿಯುತ್ತಿದ್ದ ಮೋಟರಿಗೆ ಈಗ ಮೂರು ದಿನ ಬೇಕು ಎಂದು ಅತ್ತೆ ಮೆಲ್ಲಗೆ ಹೇಳಿದಳು. ಮುಗಿದ ಮೇಲೆ ಮಾಮ ಮೋಟರನ್ನು ನನ್ನತ್ತ ಸರಿಸಿದ.

“ನೋಡು ಅಕ್ಕೋರ, ಜೋಡಣಿ ಬರೋಬ್ಬರಿ ಐತೇನು?”

ಅತ್ತೆ ಅಲ್ಲೇ ಇದ್ದಳು. ವೆಲ್ಡಿಂಗಿನವನೂ ಬಾಗಿಲಲ್ಲಿ ನಿಂತಿದ್ದ. ನನ್ನನ್ನೇ ಯಾಕೆ ಕೇಳಿದ? ನಂಬಿಕೆಯಿಂದಲೋ, ಚುಚ್ಚಲೆಂದೋ, ಸುಮ್ಮನೆ ನಾನು ಹತ್ತಿರ ಕೂತಿದ್ದೆನೆಂದೋ? ಮೂರು ಸಲ ನೋಡಿದೆ. ಜೋಡಣೆ ಸರಿಯಿತ್ತು. ಅವನು ಸ್ವಿಚ್ಚಿನ ಮೇಲೆ ಎಡಗೈ ಇಟ್ಟುಕೊಂಡು ಕಾಯುತ್ತಿದ್ದ. ನನಗೆ ಹೂಂ ಅನ್ನಲು ಆಗಲಿಲ್ಲ. ಬದಲಿಗೆ ಕೇಳಿಬಿಟ್ಟೆ:

“ಮಾಮಾ, ಅವತ್ತು ನಾ ಹೂಂ ಅಂದಿದ್ನೇನ್ರಿ?”