ಮೇಲ್ದವಡೆಯ ಹಲ್ಲು, ಎಡಗಣ್ಣು

ಹಲ್ಲು ಕೀಳಿಸಿಕೊಳ್ಳಲು ಹೊರಟವರು ನನ್ನನ್ನು ಕೇಳುವುದುಂಟು, ತುಂಬ ನೋವಾಗುತ್ತದೆಯೇ ಎಂದು. ಆಗುತ್ತದೆ. ಆದರೆ ಇಕ್ಕಳ ಕೊಡುವ ನೋವಿಗಿಂತ ಮನೆಯವರು ಕೊಡುವ ನೋವೇ ಹೆಚ್ಚು. ಇಕ್ಕಳ ಬೇಗ ಕೆಲಸ ಮುಗಿಸುತ್ತದೆ; ಮನೆಯವರು ಅಷ್ಟು ಸುಲಭಕ್ಕೆ ಬಿಡುವವರಲ್ಲ.

ನನ್ನ ಹಲ್ಲಿನ ಕತೆ ಯುದ್ಧದ ಕಾಲದ್ದು, ಸೀಮೆಎಣ್ಣೆಗೂ ಪರದಾಡುತ್ತಿದ್ದ ವರ್ಷಗಳದ್ದು. ನಮ್ಮ ಊರು ವೈದ್ಯನಾಥಪುರದಿಂದ ಆಚೆಗೆ, ಶಿಂಷಾ ಹೊಳೆಯ ಬಯಲಲ್ಲಿ. ನನಗೆ ಹದಿನಾರು ತುಂಬಿತ್ತು. ಸೋಮನಹಳ್ಳಿ ಕಡೆಯ ಒಂದು ಮನೆಯವರು ಬಂದು ನೋಡಿ, ಒಪ್ಪಿ, ಕಬ್ಬು ಕಡಿದ ಮೇಲೆ ಮದುವೆ ಎಂದು ಮಾತಾಗಿತ್ತು. ಸರಿಯಾಗಿ ಆ ಹೊತ್ತಿಗೇ ನನ್ನ ಎಡಗಡೆಯ ಮೇಲ್ದವಡೆಯ ಹಲ್ಲು ಹುಳುಕು ಹಿಡಿಯಿತು. ಮೊದಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಆಮೇಲೆ ಸುಮ್ಮನೆ ಕೂತರೂ ನೋವು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ, ನಿಜ. ಆದರೆ ಬಿಸಿ ತುತ್ತು ಆ ಹಲ್ಲಿನ ಪಕ್ಕದಲ್ಲಿ ಹಾದುಹೋದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು.

ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಅವಳು ಅಪ್ಪನ ತಾಯಿ. ಅವ್ವ ಬೇಗ ತೀರಿಹೋಗಿದ್ದರಿಂದ ನನ್ನನ್ನು ಸಾಕಿದವಳೂ ಅವಳೇ. ಅಜ್ಜಿ ನನ್ನ ಹಲ್ಲಿಗೆ ಲವಂಗ ಇಟ್ಟಳು, ಹೊಗೆಸೊಪ್ಪು ಒತ್ತಿದಳು, ವೈದ್ಯನಾಥನಿಗೆ ಹರಕೆ ಹೊತ್ತಳು. ನೋವು ಯಾವುದಕ್ಕೂ ಬಗ್ಗದಿದ್ದಾಗ ಹಲ್ಲಿನ ಹುಳ ಬೀಳಿಸಲು ಕೂತಳು. ಬೋಗುಣಿಯಲ್ಲಿ ನೀರು, ನಡುವೆ ಕಲ್ಲಿನ ಮೇಲೆ ಕಾಯಿಸಿದ ಹೆಂಚಿನ ಚೂರು, ಅದರ ಮೇಲೆ ಎಣ್ಣೆ ಸವರಿದ, ನೆಲಗುಳ್ಳವೆಂಬ ಮುಳ್ಳುಗಿಡದ ಬೀಜ. ಮೇಲೊಂದು ತೂತಿನ ತೆಂಗಿನ ಚಿಪ್ಪು ಮುಚ್ಚಿ, ಪರಂಗಿ ದಂಟಿನ ಕೊಳವೆಯಲ್ಲಿ ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಯಬೇಕು. ನಾನು ಕೆಮ್ಮಿ ಕೆಮ್ಮಿ ಸಾಕಾದ ಮೇಲೆ ಅಜ್ಜಿ ಚಿಪ್ಪು ತೆಗೆದು ತೋರಿಸಿದಳು. ನೀರಿನ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಹುಳಗಳು! ಹುಳ ಬಿತ್ತು, ನೋವು ಮಾತ್ರ ಇದ್ದಲ್ಲೇ ಇತ್ತು.

ನನಗೆ ರೇಗಿತು. ಮಾರನೆಯ ದಿನ ನಾನೇ ಅದೆಲ್ಲವನ್ನೂ ಹೂಡಿ, ಕೊಳವೆಗೆ ಬಾಯಿ ಕೊಡದೆ ಬರೀ ಬೀಜ ಸುಟ್ಟೆ. ಬೀಜ ಸಿಡಿದು ಒಳಗಿನ ಬಿಳಿ ಕುಡಿ ನೀರಿಗೆ ಬಿತ್ತು. ನಿನ್ನೆಯ ಹುಳಗಳೇ!

"ನೋಡಜ್ಜಿ, ಯಾರ ಬಾಯೂ ಇಲ್ದೆ ಉಳ ಬಿದ್ದವೆ."

ಅಜ್ಜಿ ಬಗ್ಗಿ ನೋಡಿದಳು. "ಅವು ಪಕ್ಕದ ಮನೆಯೋಳ ಅಲ್ಲಿನ ಉಳ ಕಣೆ. ಒಗೆ ಆ ಮನೆಗಂಟ ಓಗೈತೆ" ಎಂದು ಸೆರಗು ಕೊಡವಿ ಎದ್ದುಹೋದಳು.

ಆವತ್ತೇ ನಾನು ಮದ್ದೂರಿನ ಆಸ್ಪತ್ರೆಗೆ ಹೋಗಿ ಹಲ್ಲು ಕೀಳಿಸಿಕೊಳ್ಳುತ್ತೇನೆ ಎಂದೆ. ಮನೆಗೆ ಬೆಂಕಿ ಬಿದ್ದ ಹಾಗಾಯಿತು. ಮೇಲಿನ ಹಲ್ಲು ಕಿತ್ತರೆ ಅದೇ ಕಡೆಯ ಕಣ್ಣು ಹೋಗುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಹಲ್ಲಿನ ಬೇರು ಕಣ್ಣಿಗೆ ಹೆಣೆದುಕೊಂಡಿರುತ್ತದಂತೆ. ಅಜ್ಜಿಗೆ ಅದು ಬರೀ ಕೇಳಿದ ಮಾತಲ್ಲ. ಅವಳ ಸ್ವಂತ ಅಕ್ಕ, ಮುಖವೆಲ್ಲ ಊದಿಕೊಂಡ ಮೇಲೆ ಸಂತೆಯಲ್ಲಿ ಯಾರೋ ಒಬ್ಬನಿಂದ ಹಲ್ಲು ಕೀಳಿಸಿಕೊಂಡು, ಕಣ್ಣು ಕಳೆದುಕೊಂಡು, ಗಂಡನ ಮನೆಯಿಂದ ವಾಪಸು ಬಂದವಳು. ಅದಕ್ಕೇ ಅಜ್ಜಿ ತನ್ನ ಮೇಲಿನ ಹಲ್ಲೊಂದು ವರ್ಷಗಟ್ಟಲೆ ಕೊಳೆಯುತ್ತಿದ್ದರೂ ಹೊಗೆಸೊಪ್ಪು ಒತ್ತಿಕೊಂಡು ಒಂದೇ ದವಡೆಯಲ್ಲಿ ಉಣ್ಣುತ್ತಿದ್ದಳು.

"ಅಲ್ಲು ಕಚ್ಕೊಂಡು ತಡ್ಕೊ. ಮದುವೆ ಆಗ್ಲಿ. ಆಮೇಲೆ ನಿನ್ ಗಂಡ ಬೇಕಾದ್ರೆ ಕೀಳುಸ್ಲಿ" ಎಂದಳು.

"ಯಾವ ಅಲ್ಲು ಕಚ್ಲಜ್ಜಿ? ಕಚ್ಚಿದ್ರೇ ಅಲ್ವ ಜೀವ ಓಗೋದು?"

ಅವಳ ಮುಂದೆ ಸೊಲ್ಲೆತ್ತದ ಅಪ್ಪನೂ ಬಾಯಿ ಹಾಕಿದ: "ಕಣ್ಣು ಓದ್ರೆ ನಿನ್ನ ಯಾರವ್ವ ಕಟ್ಕೊಂಡಾರು?"

"ಕಣ್ಣು ಎರಡವೆ ಕಣಪ್ಪ. ಒಂದು ಓದ್ರೆ ಇನ್ನೊಂದೈತೆ. ಈ ನೋವು ಒರೋಕೆ ಇನ್ನೊಂದು ತಲೆ ಇಲ್ಲ. ನೀನು ಬತ್ತೀಯೋ, ನಾನೊಬ್ಳೇ ಓಗ್ಲೋ?"

ಭಯವಿರಲಿಲ್ಲ ಎಂದರೆ ಸುಳ್ಳು. ಸಂತೆಯ ದಿನ ಅಪ್ಪನ ಹಿಂದೆ ಮದ್ದೂರಿನ ಹಾದಿ ಹಿಡಿದಾಗ, ಬಲಗಣ್ಣು ಮುಚ್ಚಿಕೊಂಡು ಬರೀ ಎಡಗಣ್ಣಿನಲ್ಲಿ ಹೊಳೆ ನೋಡಿದೆ, ಆಚೆ ದಡದ ಹೊಂಗೆ ಮರ ನೋಡಿದೆ. ಕೊನೆಯ ಸಲ ಇರಬಹುದು ಅನ್ನಿಸಿತು. ಆದರೂ ಕಾಲು ನಿಲ್ಲಲಿಲ್ಲ.

ಡಾಕ್ಟರು ಬೆಂಚಿನ ಮೇಲೆ ಕೂರಿಸಿ ಬಾಯಿ ನೋಡಿದರು. "ಹೆದರಿಕೆ ಆಗ್ತಿದೆಯೇನಮ್ಮ?"

"ಆಗ್ತದೆ. ಕೀಳಿ."

ಒಸಡಿಗೆ ಸೂಜಿ ಚುಚ್ಚಿದರು. ನಿಜವಾದ ಉರಿ ಅದೊಂದೇ. ಸ್ವಲ್ಪ ಹೊತ್ತಿಗೆ ಅರ್ಧ ತುಟಿ ನನ್ನದೇ ಅಲ್ಲ ಎನಿಸಿತು. ಆಮೇಲೆ ಇಕ್ಕಳ ಬಂತು. ನೋವಿಗಿಂತ ಸದ್ದು ದೊಡ್ಡದು. ಗಟ್ಟಿ ನೆಲದಿಂದ ಗೂಟ ಅಲ್ಲಾಡಿಸಿ ಕೀಳುವಾಗಿನ ಗರಗರ ತಲೆಯೊಳಗೇ ಕೇಳಿತು. ಅಪ್ಪ ಗೋಡೆಗೆ ಮುಖ ಹಾಕಿ ನಿಂತಿದ್ದ. ಹಲ್ಲು ತಟ್ಟೆಗೆ ಬಿದ್ದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಬಲಗಣ್ಣು ಮುಚ್ಚಿ ನೋಡಿದ್ದು. ಡಾಕ್ಟರ ಕನ್ನಡಕ ಕಂಡಿತು.

ಊರಿನವರ ಕಣ್ಣಿನ ಮಾತು ಹೇಳಿದೆ; ಅವರು ನಗಲಿಲ್ಲ. "ಕೀಳೋದ್ರಿಂದ ಕಣ್ಣು ಹೋಗಲ್ಲಮ್ಮ. ಕೀಳದೆ ಕೀವು ತುಂಬಿಸ್ಕೊಂಡು ಕೂತರೆ ಅಪಾಯ. ನಾಳೆ ಮುಖ ಊದುತ್ತೆ, ಕಣ್ಣು ಮುಚ್ಚಿಕೊಂಡರೂ ಹೆದರಬೇಡ, ಇಳಿಯುತ್ತೆ" ಎಂದರು. ಅರಳೆ ಕಚ್ಚಿಕೊಂಡಿರು, ಉಗುಳುತ್ತಾ ಇರಬೇಡ, ಬಿಸಿಯದು ಬೇಡ, ಆರಿದ ಅಂಬಲಿ ಕುಡಿ, ನಾಳೆಯಿಂದ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು ಎಂದೂ ಹೇಳಿ ಕಳಿಸಿದರು.

ಹೇಳಿದಂತೆಯೇ ಬೆಳಗಾಗುವಷ್ಟರಲ್ಲಿ ಕೆನ್ನೆ ಬೂದುಗುಂಬಳವಾಗಿ ಎಡಗಣ್ಣು ಪೂರಾ ಮುಚ್ಚಿಹೋಗಿತ್ತು. ಅಜ್ಜಿ ಎದೆ ಬಡಿದುಕೊಂಡಳು. ಬೀದಿಯ ಹೆಂಗಸರು ಸಾವಿನ ಮನೆಗೆ ಬಂದ ಹಾಗೆ ಬಂದು ಸಾಲಾಗಿ ಕೂತರು. ಡಾಕ್ಟರು ಹೇಳಿದ್ದನ್ನು ನಾನು ತೊದಲಿದರೆ, "ಪಾಪ, ಬುದ್ಧಿನೂ ಕಲಕೈತೆ" ಎಂದಳು ಒಬ್ಬಳು. ಸುದ್ದಿಗೆ ಕಾಲು ಬಂದು ಸೋಮನಹಳ್ಳಿ ಕಡೆಯಿಂದ ಗಂಡಿನ ತಾಯಿಯೇ ಬಂದಿಳಿದಳು. ಜಗಲಿಯ ಮೇಲೂ ಕೂರಲಿಲ್ಲ. ನಿಂತೇ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು, ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರ ಹಾಗೆ.

"ಒಕ್ಕಣ್ಣೀನ ನಮ್ಮನೆ ತುಂಬುಸ್ಕೊಳೋಕಾಯ್ತದಾ? ಈ ಮಾತು ಇಲ್ಲಿಗೇ ಬುಟ್ಬುಡಿ" ಎಂದಳು ಅಪ್ಪನಿಗೆ.

ಅಪ್ಪ ತಲೆ ತಗ್ಗಿಸಿದ. ನನ್ನಿಂದಾಗಲಿಲ್ಲ. ಆ ಊದಿದ ಬಾಯಲ್ಲೇ ಹೇಳಿದೆ: "ಈ ಒಂದು ಕಣ್ಣಲ್ಲೇ ನೀವು ಎಂಥೋರು ಅಂತ ಸೆಂದಾಗಿ ಕಾಣ್ತದೆ ಕಣತ್ತೆ. ಎರಡೂ ಇದ್ದಾಗ ಕಂಡಿರ್ನಿಲ್ಲ."

ಊತ ಇಳಿಯಿತು, ಕಣ್ಣು ತೆರೆಯಿತು. ಅಜ್ಜಿ ನಂಬಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, ಹೊಗೆಸೊಪ್ಪು ನಾರುವ ಅಂಗೈಯಿಂದ ಬಲಗಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದಳು. "ತಿಪ್ಪೆ ಮೇಲೆ ಏನೈತೆ?" "ಉಂಜ." "ಯಾವ ಬಣ್ಣ?" "ಕೆಂಪು." "ಆ ಬೇಲಿ ಮೇಲೆ?" "ನಿನ್ನ ಸೀರೆ, ಅರಿದೈತೆ." ಕೊನೆಗೆ ಸೂಜಿಗೆ ದಾರ ಪೋಣಿಸು ಎನ್ನುತ್ತಿದ್ದಳು. ನಾನು ಪೋಣಿಸುತ್ತಿದ್ದೆ. ನಾಳೆಗೆ ಕಣ್ಣು ಹೋದರೂ ಹೋದೀತು ಎಂದುಕೊಂಡು ಏಳುತ್ತಿದ್ದಳು.

ಕಣ್ಣು ನೆಟ್ಟಗಿದೆ ಎಂಬ ಸುದ್ದಿಯೂ ಸೋಮನಹಳ್ಳಿ ಕಡೆಗೆ ಹೋಗಿರಬೇಕು. ಮದುವೆ ಮಾತು ಮುಂದುವರಿಸೋಣ ಎಂದು ಹೇಳಿ ಕಳಿಸಿದರು. ಅಪ್ಪ ನನ್ನ ಮುಖ ನೋಡಿದ. ನನಗೆ ಬೇಡ ಎಂದೆ. ಕಣ್ಣಿದ್ದರೆ ಬಾ, ಇಲ್ಲದಿದ್ದರೆ ಹೋಗು ಅನ್ನುವವರ ಮನೆಯಲ್ಲಿ ನಾಳೆ ಕಾಲು ಮುರಿದರೆ ಏನು ಗತಿ? ಅಜ್ಜಿ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಸೂಜಿ ಪಕ್ಕಕ್ಕಿಟ್ಟು, ಬಾಯಿ ತೆರೆದು ತನ್ನ ಮೇಲಿನ ಹಲ್ಲಿನ ಮೇಲೆ ಬೆರಳಿಟ್ಟು, "ನಡಿ, ನಂಗೂ ದಾರಿ ತೋರ್ಸು" ಎಂದಳು.

ಅದೇ ಬೆಂಚು. ಡಾಕ್ಟರು ಅವಳನ್ನೂ ಕೇಳಿದರು, ಹೆದರಿಕೆಯೇನಜ್ಜಿ ಎಂದು. ಅಜ್ಜಿ ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಿದ್ದಳು.

"ಕಣ್ಣು ಎರಡವೆ, ಒಂದು ಓದ್ರೆ ಇನ್ನೊಂದೈತೆ" ಎಂದಳು. "ಕೀಳಪ್ಪ."