ವಸೂಲಿಯವನ ತಲೆಗೆ ಟೊಪಗಿ

ಹೋದ ವರ್ಷ ನನ್ನ ಮಗಳು ಸವಿತಾಳ ಕುಬಸದ ದಿನ, ಅಂದರೆ ಸೀಮಂತದ ದಿನ, ನಡೆದದ್ದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.

ಇಳಕಲ್ಲಿನಲ್ಲಿ ನನ್ನದೊಂದು ಸೀರೆ ಅಂಗಡಿ ಇತ್ತು. ಯಜಮಾನರು ತೀರಿಕೊಂಡ ಮೇಲೆ ಸಾಲ ಮಾಡಿಯೇ ಅದನ್ನು ನಡೆಸಿದೆ. ಕೊನೆಗೆ ಅಂಗಡಿಯೂ ಮುಳುಗಿತು, ನಾನೂ ಮುಳುಗಿದೆ. ಆಮೇಲೆ ಶುರುವಾಯಿತು ನೋಡಿ ಫೋನು! ಸಾಲ ಕೊಟ್ಟ ಕಂಪನಿಯ ವಸೂಲಿಯವನೊಬ್ಬ ಹೊತ್ತುಗೊತ್ತಿಲ್ಲದೆ ಕರೆ ಮಾಡುತ್ತಿದ್ದ. “ಕಂಪನಿಗೆ ಟೊಪಗಿ ಹಾಕೀರಿ” ಎಂಬುದೇ ಅವನ ಮಂತ್ರ. ಊಟಕ್ಕೆ ಕೂತರೆ ಫೋನು, ದೇವರಿಗೆ ದೀಪ ಹಚ್ಚಿದರೆ ಫೋನು. ರಿಂಗಾದರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ.

ಬೇರೆ ದಾರಿ ಕಾಣದೆ ವಕೀಲರನ್ನು ಹಿಡಿದು ಬಾಗಲಕೋಟೆಯ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದೆ. ಇದ್ದಬದ್ದದ್ದನ್ನೆಲ್ಲ ತೋರಿಸಿ ಒಪ್ಪಿಸಿದೆ. ಕುಬಸದ ಹಿಂದಿನ ವಾರ ಕೋರ್ಟು ನನ್ನನ್ನು ದಿವಾಳಿ ಎಂದು ಘೋಷಿಸಿತು.

“ಇನ್ನ ಅವ್ರು ಏನ್ ಕೇಳೂದಿದ್ರೂ ಕೋರ್ಟಿನ್ಯಾಗ ಕೇಳ್ಬೇಕ್ರಿ ಅಕ್ಕಾರ. ನಿಮ್ಮನ್ನ ಕಾಡೂ ಹಂಗಿಲ್ಲ” ಎಂದರು ವಕೀಲರು.

ಆದರೆ ಚೊಳಚಗುಡ್ಡದ ಬೀಗರಿಗೆ ಇದಾವುದೂ ಗೊತ್ತಿರಲಿಲ್ಲ. ದಿವಾಳಿ ಎಂಬ ಮಾತು ಅವರ ಕಿವಿಗೆ ಬಿದ್ದರೆ ಬಸುರಿ ಮಗಳು ಅತ್ತೆಮನೆಯಲ್ಲಿ ತಲೆ ಎತ್ತುವುದು ಹೇಗೆ? ನನಗೆ ಅದೇ ಚಿಂತೆ.

ಕುಬಸದ ದಿನ ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಿದ್ದೆವು. ಬಾಗಿಲಲ್ಲಿ ಬಂದು ನಿಂತನಲ್ಲ ಆ ವಸೂಲಿ ಮಹಾರಾಯ! ಬಂದವರಿಗೆ ಉಡುಗೊರೆ ಕೊಟ್ಟು ಆಯೇರಿ ಮಾಡುವ ಕೆಲಸ ನನ್ನ ಸೋದರತ್ತೆಯದು. ಆಕೆಗೆ ಕಣ್ಣು ಮಂದ. ಬೀಗರ ಕಡೆಯವನೆಂದು ತಿಳಿದು, “ಬರ್ರಿ, ಯಾಕ ಹೊರಗ ನಿಂತೀರಿ?” ಎಂದು ಕೈಹಿಡಿದು ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಹೆಗಲಿಗೆ ಟಾವೆಲ್ ಹೊದಿಸಿ, ತಲೆಗೆ ಬಿಳಿ ಟೊಪಗಿ ಇಟ್ಟೇಬಿಟ್ಟಳು.

ಅವನು ಧಡಕ್ಕನೆ ಎದ್ದ. “ನಾ ಬೀಗ ಅಲ್ರಿ! ವಸೂಲಿಗೆ ಬಂದೇನಿ. ಈ ಅಕ್ಕಾರು ಟೊಪಗಿ ಹಾಕ್ಯಾರ…”

“ಅಯ್ಯ, ಆಕಿ ಎಲ್ಲಿ ಹಾಕಿದ್ಳು? ಹಾಕಿದಾಕಿ ನಾನೋ ತಮ್ಮಾ!” ಎಂದಳು ಅತ್ತೆ.

ಮನೆ ತುಂಬ ನಗು. ಆ ನಗುವಿನಲ್ಲಿ ನನಗೆ ಎಲ್ಲಿಂದ ಧೈರ್ಯ ಬಂತೋ! “ಹೌದಪಾ, ನಾ ದಿವಾಳಿ ಆಗೇನಿ. ಕೋರ್ಟ ಹೇಳೇತಿ. ಕೇಳೂದನ್ನ ಅಲ್ಲಿ ಹೋಗಿ ಕೇಳು, ನನ್ನ ಬಾಗಲ್ದಾಗ ಅಲ್ಲ. ಇನ್ನೊಮ್ಮೆ ಫೋನ್ ಮಾಡಿದ್ರ ನಿನ್ನ ಹೆಸರೂ ಜಡ್ಜ್ ಸಾಹೇಬ್ರ ಮುಂದ ಹೋಗ್ತೈತಿ. ಬಂದೀ, ಹೋಳಿಗಿ ಉಂಡು ಹೋಗು” ಎಂದೆ. ಅವನು ಉಣ್ಣಲೂ ಇಲ್ಲ, ಟೊಪಗಿ ತೆಗೆಯಲೂ ಇಲ್ಲ. ಹಾಗೇ ಓಡಿದ.

ಬೀಗಿತ್ತಿ ನನ್ನನ್ನು ಅಡುಗೆಮನೆಗೆ ಕರೆದರು. ಮುಗಿಯಿತು ಎಂದುಕೊಂಡೆ. ಅವರು ಮೆಲ್ಲಗೆ, “ಬೀಗ್ತೀರ, ಆ ವಕೀಲರ ನಂಬರ ಕೊಡ್ರಿ. ಸಾಲದವ್ರ ಫೋನ್ ಬಂದ್ರ ನಾನೂ ಹಿತ್ತಲಕ ಓಡ್ತೇನಿ” ಎಂದರು. ಇಬ್ಬರೂ ತಬ್ಬಿಕೊಂಡು ನಕ್ಕೆವು, ಅತ್ತೆವು.

ಅವನು ಮತ್ತೆ ಕರೆ ಮಾಡಲಿಲ್ಲ. ಯಾವ ಮಾತಿಗೆ ಅಷ್ಟು ಹೆದರಿದ್ದೆನೋ ಅದನ್ನು ಎಲ್ಲರೆದುರು ನಾನೇ ಆಡಿದ್ದೆ; ಹೆದರಿಸಲು ಅವನ ಬಳಿ ಇನ್ನೇನು ಉಳಿದಿತ್ತು? ಈಗ ಫೋನು ರಿಂಗಾದರೆ ಓಡಿ ಎತ್ತುತ್ತೇನೆ. ಆ ಕಡೆಯಿಂದ ಮೊಮ್ಮಗನ ಅಳು ಕೇಳಿಸುತ್ತದೆ.